ಎರಡು ರಟ್ಟುಗಳ ನಡುವಿನ ಅಮಾನತ್

(ಜುಮುಅ ಖುತ್ಬಾದ ಸಾರಾಂಶ)

 



ಸಹೀಹುಲ್ ಬುಖಾರಿಯಲ್ಲಿ ಕುರ್‌ಆನಿನ ಶ್ರೇಷ್ಠತೆಯ ಅಧ್ಯಾಯದಲ್ಲಿ ಒಂದು ಚಿಕ್ಕ ವರದಿಯಿದೆ. ಇಬ್ಬರು ತಾಬಿಈಗಳು ಇಬ್ನು ಅಬ್ಬಾಸ್(ರ)ರ ಬಳಿ ಹೋಗುತ್ತಾರೆ. ಪ್ರವಾದಿ(ಸ) ತಮ್ಮ ನಂತರ ಏನನ್ನಾದರೂ ಬಿಟ್ಟು ಹೋಗಿದ್ದಾರೆಯೇ ಎಂದು ಅವರಲ್ಲೊಬ್ಬರು ಕೇಳುತ್ತಾರೆ. ಎರಡು ರಟ್ಟುಗಳ ನಡುವೆ ಇರುವುದನ್ನಲ್ಲದೆ ಬೇರೇನನ್ನೂ ಬಿಟ್ಟು ಹೋಗಿಲ್ಲ ಎಂಬುದು ಅವರ ಉತ್ತರದ ಸಾರ. ಅಲ್ಲಿಂದ ಅವರು ಅಲಿ(ರ)ರ ಪುತ್ರ ಮುಹಮ್ಮದ್ ಬಿನ್ ಹನಫಿಯ್ಯ ಅವರ ಬಳಿ ಹೋಗಿ ಅದನ್ನೇ ಕೇಳಿದಾಗಲೂ ಅದೇ ಉತ್ತರ ಸಿಗುತ್ತದೆ. ಗುಟ್ಟಾದ ಇನ್ನೊಂದು ಗ್ರಂಥವಾಗಲಿ, ಕೆಲವರಿಗೆ ಮಾತ್ರ ಮೀಸಲಾದ ಜ್ಞಾನವಾಗಲಿ ಇಲ್ಲ. ಇರುವುದೆಲ್ಲವೂ ಎಲ್ಲರ ಕಣ್ಣ ಮುಂದೆ ಇದೆ ಎಂಬುದನ್ನು ಉಲಮಾಗಳು ಈ ವರದಿಯಿಂದ ವಿವರಿಸುತ್ತಾರೆ. ಇಂದು ನಾವು ಅದರಲ್ಲಿರುವ ಒಂದೇ ಪದದ ಬಗ್ಗೆ ಮಾತನಾಡಲಿದ್ದೇವೆ. ಅದು 'ದಫ್ಫತೈನ್', ಅಂದರೆ ಎರಡು ರಟ್ಟುಗಳು.

ರಟ್ಟಿನ ಬಗ್ಗೆ ಖುತ್ಬಾವೇ ಎಂದು ಯಾರಾದರೂ ಆಶ್ಚರ್ಯಪಡಬಹುದು. ಆದರೆ ನಮ್ಮ ಮಸೀದಿಗಳ ಕಪಾಟುಗಳನ್ನು ಒಮ್ಮೆ ತೆರೆದು ನೋಡಿ. ಬೆನ್ನು ಬಿಟ್ಟ ಮುಸ್‌ಹಫ್‌ಗಳು, ಕೊನೆಯ ಜುಝ್ ಉದುರಿ ಹೋದವು, ಟೇಪು ಸುತ್ತಿ ಸುತ್ತಿ ಹಳದಿಯಾದವು. ರಮಝಾನಿಗೆ ಮೊದಲು ಕಪಾಟು ಸ್ವಚ್ಛ ಮಾಡುವಾಗ ಅವೆಲ್ಲವೂ ಒಂದು ಗೋಣಿಚೀಲ ಸೇರುತ್ತವೆ. ಆ ಚೀಲದಲ್ಲಿರುವ ಅರ್ಧದಷ್ಟು ಮುಸ್‌ಹಫ್‌ಗಳಿಗೆ ಬೇಕಾಗಿರುವುದು ದಫನವಲ್ಲ, ಸೂಜಿ, ನೂಲು ಮತ್ತು ಒಂದು ಗಂಟೆಯ ಕೆಲಸ.

ಅಬೂಬಕ್ಕರ್(ರ)ರ ಖಿಲಾಫತ್ತಿನ ಕಾಲವನ್ನು ನೆನಪಿಸಿಕೊಳ್ಳಿ. ಯಮಾಮ ಯುದ್ಧದಲ್ಲಿ ಬಹಳಷ್ಟು ಹಾಫಿಝ್‌ಗಳು ಹುತಾತ್ಮರಾದರು. ಉಮರ್(ರ)ರ ಒತ್ತಾಯದ ಮೇರೆಗೆ ಝೈದ್ ಬಿನ್ ಸಾಬಿತ್(ರ)ರಿಗೆ ಸಂಗ್ರಹದ ಹೊಣೆ ವಹಿಸಲಾಯಿತು. ಖರ್ಜೂರದ ದಿಂಡು, ತೆಳ್ಳಗಿನ ಕಲ್ಲು, ಚರ್ಮದ ತುಂಡು ಮತ್ತು ಜನರ ಹೃದಯಗಳಿಂದ ಅವರು ವಚನಗಳನ್ನು ಕಲೆಹಾಕಿದರು. ಬೆಟ್ಟವನ್ನು ಕದಲಿಸುವ ಕೆಲಸ ಕೊಟ್ಟಿದ್ದರೂ ಇದರಷ್ಟು ಭಾರವೆನಿಸುತ್ತಿರಲಿಲ್ಲ ಎಂಬ ಅರ್ಥದಲ್ಲಿ ಅವರು ಹೇಳಿಕೊಂಡದ್ದು ಬುಖಾರಿಯಲ್ಲೇ ಇದೆ. ಕುರ್‌ಆನನ್ನು ಎರಡು ರಟ್ಟುಗಳ ನಡುವೆ ಮೊದಲು ಒಟ್ಟುಗೂಡಿಸಿದವರು ಎಂದು ಅಲಿ(ರ) ಅಬೂಬಕ್ಕರ್(ರ)ರನ್ನು ಹೊಗಳಿ ಅವರಿಗಾಗಿ ದುಆ ಮಾಡಿದ್ದನ್ನು ಇಬ್ನು ಅಬೀ ದಾವೂದ್ ವರದಿ ಮಾಡುತ್ತಾರೆ. ಬಿಡಿಯಾಗಿದ್ದುದನ್ನು ಕಳೆದು ಹೋಗದಂತೆ ಒಂದೆಡೆ ಕಟ್ಟುವುದು ಅಂದಿನಿಂದಲೂ ಈ ಸಮುದಾಯದ ಹೊಣೆ.

ಆ ಹೊಣೆಯನ್ನು ಕೈಯಿಂದ ನಿರ್ವಹಿಸಿದವರನ್ನು ಅರಬಿಯಲ್ಲಿ 'ಮುಜಲ್ಲಿದ್' ಎಂದು ಕರೆಯುತ್ತಾರೆ. 'ಜಿಲ್ದ್' ಎಂದರೆ ಚರ್ಮ. ಉರ್ದುವಿನಲ್ಲಿ ಇಂದಿಗೂ ಪುಸ್ತಕದ ಒಂದು ಸಂಪುಟವನ್ನು 'ಜಿಲ್ದ್' ಎನ್ನುತ್ತೇವೆ, ಬೈಂಡಿಂಗ್ ಮಾಡುವವರನ್ನು 'ಜಿಲ್ದ್‌ಸಾಝ್' ಎನ್ನುತ್ತೇವೆ. ಪುಸ್ತಕಕ್ಕೂ ಚರ್ಮಕ್ಕೂ ಇದ್ದ ನಂಟು ನಮ್ಮ ಮಾತಿನಲ್ಲೇ ಉಳಿದಿದೆ.

ಚರ್ಮ ಎಂದೊಡನೆ ಮೈಮೂನಾ(ರ)ರ ಮನೆಯ ಪ್ರಸಂಗ ನೆನಪಾಗುತ್ತದೆ. ಅವರ ಬಳಿ ಇದ್ದ ಸೇವಕಿಯೊಬ್ಬರಿಗೆ ದಾನವಾಗಿ ಸಿಕ್ಕಿದ್ದ ಒಂದು ಆಡು ಸತ್ತು ಬಿದ್ದಿತ್ತು. ಅದರ ಬಳಿ ಹಾದು ಹೋದ ಪ್ರವಾದಿ(ಸ), ಅದರ ಚರ್ಮವನ್ನು ತೆಗೆದು ಹದ ಮಾಡಿ ಉಪಯೋಗಿಸಬಾರದಿತ್ತೇ ಎಂದು ಕೇಳಿದರು. ಅದು ಸತ್ತ ಪ್ರಾಣಿಯಲ್ಲವೇ ಎಂದು ಜನರು ಹೇಳಿದಾಗ, ನಿಷಿದ್ಧವಾಗಿರುವುದು ಅದನ್ನು ತಿನ್ನುವುದು ಮಾತ್ರ ಎಂದು ತಿಳಿಸಿದರು. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದು ಇದೆ. ಹದ ಮಾಡಿದ ಚರ್ಮ ಶುದ್ಧವಾಗುತ್ತದೆ ಎಂಬುದು ಇನ್ನೊಂದು ಹದೀಸಿನ ಆಶಯ. ಹಂದಿಯ ಚರ್ಮ ಇದಕ್ಕೆ ಹೊರತು. ಉಳಿದ ಕೆಲವು ಪ್ರಾಣಿಗಳ ಬಗ್ಗೆ ಮದ್‌ಹಬ್‌ಗಳ ನಡುವೆ ಅಭಿಪ್ರಾಯಭೇದವಿದೆ. ಅಬೂದಾವೂದ್ ಮತ್ತು ನಸಾಈಯ ವರದಿಗಳಲ್ಲಿ ಹದ ಮಾಡುವ ವಸ್ತುವಿನ ಹೆಸರೂ ಬರುತ್ತದೆ: ನೀರು ಮತ್ತು 'ಕರಝ್'. ಕರಝ್ ಎಂದರೆ ನಮ್ಮ ಬಯಲುಸೀಮೆಯ ಕರಿಜಾಲಿಯ ಜಾತಿಯ ಮರದ ಕಾಯಿ. ನಮ್ಮ ನಾಡಿನಲ್ಲಿ ಹಿಂದೆ ತಂಗಡಿ ಗಿಡದ ತೊಗಟೆ ಮತ್ತು ಅಳಲೆಕಾಯಿಯಿಂದ ಹದ ಮಾಡುತ್ತಿದ್ದರು. ಮರ ಬೇರೆಯಾದರೂ ವಿದ್ಯೆ ಒಂದೇ. ತೊಗಟೆಯ ಒಗರು ಚರ್ಮದೊಳಗೆ ಇಳಿದು ಅದು ಕೊಳೆಯದಂತೆ ತಡೆಯುತ್ತದೆ.

ಈಗ ಫಿಕ್ಹಿನ ಒಂದು ಮಸ್‌ಅಲವನ್ನು ಗಮನಿಸಿ. ವುಝೂ ಇಲ್ಲದೆ ಮುಸ್‌ಹಫ್ ಮುಟ್ಟಬಾರದು ಎಂದು ಬಹುತೇಕ ಫುಕಹಾಗಳು ಹೇಳುತ್ತಾರೆ. ಹಾಗಾದರೆ ರಟ್ಟನ್ನು ಮುಟ್ಟಬಹುದೇ? ಬೇರ್ಪಡಿಸಬಹುದಾದ ಚೀಲ ಅಥವಾ ಬಟ್ಟೆಯ ವಿಚಾರ ಬೇರೆ, ಮುಸ್‌ಹಫ್‌ಗೆ ಸೇರಿಸಿ ಕಟ್ಟಿದ ರಟ್ಟಿನ ವಿಚಾರ ಬೇರೆ. ಕಟ್ಟಿದ ರಟ್ಟು ಮುಸ್‌ಹಫ್‌ನ ಭಾಗವೇ ಆಗಿಬಿಡುತ್ತದೆ, ಅದಕ್ಕೂ ಅದೇ ಗೌರವ ಎಂಬುದು ಹನಫಿ ಮತ್ತು ಶಾಫಿಈ ಉಲಮಾಗಳಲ್ಲಿ ಪ್ರಬಲವಾದ ಮಾತು. ನಿನ್ನೆಯವರೆಗೆ ಆಡಿನ ಮೈಮೇಲಿದ್ದ ತೊಗಲು ಒಬ್ಬ ಕೆಲಸಗಾರನ ಕೈ ಹಾದು ಬಂದ ಮೇಲೆ ಇಂದು ವುಝೂ ಬೇಡುತ್ತಿದೆ. ಆ ಕೆಲಸಗಾರನನ್ನು ನಾವು ಹೇಗೆ ಕಾಣುತ್ತೇವೆ ಎಂಬುದನ್ನು ಸ್ವಲ್ಪ ಮುಂದೆ ನೋಡೋಣ.

ಈ ವಿದ್ಯೆಯನ್ನು ಮುಸ್ಲಿಮರು ತಾವೇ ಕಂಡುಹಿಡಿದದ್ದಲ್ಲ. ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರು ಹಾಳೆಗಳನ್ನು ಮಡಚಿ ಸರಪಣಿ ಹೊಲಿಗೆ ಹಾಕಿ ಮರದ ಹಲಗೆಗೆ ಚರ್ಮ ಸುತ್ತುತ್ತಿದ್ದರು. ಅವರಿಂದ ಕಲಿತು, ಮುಂದಕ್ಕೆ ಬೆಳೆಸಿ, ಜಗತ್ತಿಗೆ ಹಂಚಿದ್ದು ಮುಸ್ಲಿಮರು. ಟುನೀಶಿಯಾದ ಕೈರುವಾನಿನ ಹಿರಿಯ ಮಸೀದಿಯಲ್ಲಿ ಹಳೆಯ ರಟ್ಟುಗಳ ದೊಡ್ಡ ರಾಶಿಯೇ ಸಿಕ್ಕಿತು; ಅವುಗಳಲ್ಲಿ ಕೆಲವು 9ನೇ ಶತಮಾನದವು. ಮರದ ಹಲಗೆ, ಅದರ ಮೇಲೆ ಕಂದು ಚರ್ಮ, ಚರ್ಮದ ಕೆಳಗೆ ದಾರವಿಟ್ಟು ಎಬ್ಬಿಸಿದ ಹೆಣಿಗೆಯ ಚಿತ್ತಾರ. ಮಾಡಿದವರ ಹೆಸರು ಇಲ್ಲ.

10ನೇ ಶತಮಾನದ ಬಗ್ದಾದಿನಲ್ಲಿ ಪುಸ್ತಕದ ವ್ಯಾಪಾರಿಯಾಗಿದ್ದ ಇಬ್ನುನ್ನದೀಮ್ ತಮ್ಮ 'ಫಿಹ್ರಿಸ್ತ್' ಗ್ರಂಥದಲ್ಲಿ ಕೆಲವು ಹೆಸರುಗಳನ್ನಾದರೂ ಉಳಿಸಿದ್ದಾರೆ. ಕವಿಗಳು, ವ್ಯಾಕರಣಕಾರರು, ತತ್ತ್ವಜ್ಞಾನಿಗಳ ಪಟ್ಟಿ ಮಾಡಿದ ಅದೇ ಗ್ರಂಥದಲ್ಲಿ ಮುಜಲ್ಲಿದರಿಗೂ ಜಾಗ ಕೊಟ್ಟರು. ಖಲೀಫ ಮಅಮೂನರ ಗ್ರಂಥಾಲಯದಲ್ಲಿ ರಟ್ಟು ಕಟ್ಟುತ್ತಿದ್ದ ಇಬ್ನು ಅಬಿಲ್ ಹರೀಶ್, ಇಬ್ರಾಹೀಮ್ ಎಂಬವರು ಮತ್ತು ಅವರ ಮಗ ಮುಹಮ್ಮದ್ ಹೀಗೆ. ವಿದ್ವಾಂಸರ ಸಾಲಿನಲ್ಲಿ ಕೈಕೆಲಸದವರ ಹೆಸರು ಬರೆಯಲು ಇಬ್ನುನ್ನದೀಮರಿಗೆ ಸಂಕೋಚವಾಗಲಿಲ್ಲ.

ಅದೇ ಶತಮಾನದ ಭೂಗೋಳ ಶಾಸ್ತ್ರಜ್ಞ ಮಕ್ದಿಸಿಯವರ ಕಥೆ ಇನ್ನೂ ಸ್ವಾರಸ್ಯಕರ. ಬೈತುಲ್ ಮಕ್ದಿಸಿನವರಾದ ಅವರು ಇಸ್ಲಾಮೀ ಜಗತ್ತನ್ನು ಸುತ್ತಿ 'ಅಹ್ಸನುತ್ತಕಾಸೀಮ್' ಬರೆದರು. ದಾರಿಯಲ್ಲಿ ಹೊಟ್ಟೆಪಾಡಿಗೆ ಅವರು ಮಾಡಿದ ಕೆಲಸಗಳಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವುದೂ ಒಂದು. ಯಮನಿನಲ್ಲಿ ಅವರಿಗೆ ಒಂದು ಮುಸ್‌ಹಫ್ ಕಟ್ಟುವ ಕೆಲಸ ಸಿಕ್ಕಿತು. ತಮ್ಮ ಊರಿನಲ್ಲಿ ಬಳಸುವ 'ಅಶ್ರಾಸ್' ಎಂಬ ಬೇರಿನ ಅಂಟನ್ನು ಅಲ್ಲಿನ ಅಂಗಡಿಗಳಲ್ಲಿ ಕೇಳಿದರೆ ಯಾರಿಗೂ ಗೊತ್ತಿಲ್ಲ. ಕೊನೆಗೆ ಮಾರುಕಟ್ಟೆಯ ಮೇಲ್ವಿಚಾರಕ ಮುಹ್ತಸಿಬ್ ಬಳಿ ಕಳಿಸಿದರು. ಅವರಿಗೆ ಗೊತ್ತಿತ್ತು. ನೀವು ಎಲ್ಲಿಯವರು ಎಂದು ಕೇಳಿ, ಫೆಲೆಸ್ತೀನ್ ಎಂದಾಗ, ನೀವು ಸಮೃದ್ಧಿಯ ನಾಡಿನವರು, ಇಲ್ಲಿ ಅಶ್ರಾಸ್ ಸಿಕ್ಕಿದ್ದರೆ ಜನ ತಿಂದೇಬಿಡುತ್ತಿದ್ದರು, ಗಂಜಿಯ ಅಂಟಿನಲ್ಲೇ ಕೆಲಸ ಮಾಡಿ ಎಂಬರ್ಥದಲ್ಲಿ ತಮಾಷೆ ಮಾಡಿದರಂತೆ. ಆದರೆ ಯಮನಿನವರು ಒಳ್ಳೆಯ ಕೆಲಸವನ್ನು ಮೆಚ್ಚುವವರು, ಧಾರಾಳವಾಗಿ ಕೂಲಿ ಕೊಡುವವರು ಎಂದೂ ಮಕ್ದಿಸಿ ಬರೆದಿದ್ದಾರೆ. ಒಂದು ಮುಸ್‌ಹಫ್‌ಗೆ ಕೆಲವೊಮ್ಮೆ 2 ದೀನಾರ್ ಸಿಗುತ್ತಿತ್ತು. ಇಷ್ಟು ದೊಡ್ಡ ವಿದ್ವಾಂಸ ತನ್ನ ಕೈಕೆಲಸದ ಕೂಲಿಯ ಲೆಕ್ಕವನ್ನು ಮರೆಮಾಚದೆ ಪುಸ್ತಕದಲ್ಲಿ ಬರೆದಿಟ್ಟದ್ದು ನಮಗೆ ಬಹಳ ಹಿಡಿಸಿತು.

ಮುಸ್ಲಿಮ್ ಕೆಲಸಗಾರರು ಕಟ್ಟಿದ ಪುಸ್ತಕವನ್ನು ನೋಡಿದೊಡನೆ ಗುರುತಿಸಬಹುದು. ಹಾಳೆಗಳನ್ನು ಮಡಚಿ ಸಣ್ಣ ಸಣ್ಣ ಕಟ್ಟು ಮಾಡಿ, ರೇಷ್ಮೆ ನೂಲಿನಿಂದ ಒಂದಕ್ಕೊಂದು ಸೇರಿಸಿ ಹೊಲಿಯುತ್ತಾರೆ. ಬೆನ್ನಿನ ಎರಡೂ ತುದಿಗಳಲ್ಲಿ ಎರಡು ಬಣ್ಣದ ನೂಲಿನಿಂದ ಚಾಪೆಯಂತೆ ಹೆಣೆದ ಪಟ್ಟಿ. ಬೆನ್ನು ಚಪ್ಪಟೆ. ರಟ್ಟು ಹಾಳೆಗಿಂತ ಒಂದಿಷ್ಟೂ ಹೊರಚಾಚುವುದಿಲ್ಲ, ಎರಡೂ ಸರಿಸಮ. ಎಲ್ಲಕ್ಕಿಂತ ಮುಖ್ಯವಾಗಿ, ಹಿಂದಿನ ರಟ್ಟಿಗೆ ಜೋಡಿಸಿದ ಒಂದು ಮಡಿಕೆ ಇರುತ್ತದೆ; ಲಕೋಟೆಯ ಬಾಯಿಯಂತೆ ಚೂಪಾದದ್ದು. ಅದು ಹಾಳೆಗಳ ಅಂಚನ್ನು ಸುತ್ತಿ ಬಂದು ಮುಂದಿನ ರಟ್ಟಿನ ಕೆಳಗೆ ಸೇರಿಕೊಳ್ಳುತ್ತದೆ. ಅದರ ಹೆಸರು 'ಲಿಸಾನ್', ನಾಲಗೆ. ಧೂಳು ಒಳಹೋಗದಂತೆ, ಹಾಳೆಯ ಅಂಚು ಸವೆಯದಂತೆ ಅದು ಕಾಯುತ್ತದೆ. ಓದು ನಿಲ್ಲಿಸಿದ ಕಡೆ ಗುರುತಿಗೂ ಬರುತ್ತದೆ. ಮುಸ್‌ಹಫ್‌ಗಳ ಈ ಮಡಿಕೆಯ ಮೇಲೆ ಅಲ್‌ವಾಕಿಅ ಸೂರಃದ 79ನೇ ವಚನವನ್ನು ಅಚ್ಚೊತ್ತುವ ವಾಡಿಕೆ ಬೆಳೆಯಿತು. ಪುಸ್ತಕ ತೆರೆಯಲು ಕೈ ಮೊದಲು ಹೋಗುವುದು ಅಲ್ಲಿಗೇ. ವುಝೂ ಇಲ್ಲದ ಕೈ ಅಲ್ಲೇ ತಡೆಯಲಿ ಎಂಬುದು ಮಾಡಿದವರ ಆಲೋಚನೆ.

ಚಿತ್ತಾರದ ಕೆಲಸ ನಿಧಾನದ್ದು. ಚರ್ಮದ ಅಂಚನ್ನು ಕಾಗದದಷ್ಟು ತೆಳುವಾಗುವವರೆಗೆ ಹೆರೆದು ರಟ್ಟಿಗೆ ಅಂಟಿಸಿ, ಸ್ವಲ್ಪ ತೇವ ಮಾಡಿ, ಬಿಸಿ ಮಾಡಿದ ಉಳಿಯನ್ನು ಒತ್ತುತ್ತಾರೆ. ಮಮ್ಲೂಕರ ಕಾಲದ ಈಜಿಪ್ಟ್ ಮತ್ತು ಶಾಮಿನ ರಟ್ಟುಗಳ ಮೇಲೆ ಒಂದರೊಳಗೊಂದು ಹೆಣೆದ ನಕ್ಷತ್ರಗಳಿವೆ. ಹತ್ತಿರದಿಂದ ನೋಡಿದರೆ ಅದು ದೊಡ್ಡ ಅಚ್ಚಲ್ಲ. ಚುಕ್ಕೆಯಷ್ಟು, ಬಿಲ್ಲಿನಷ್ಟು ಸಣ್ಣ ಉಳಿಗಳನ್ನು ನೂರಾರು ಸಲ ಒತ್ತಿ ಕೂಡಿಸಿದ್ದು. ಒಂದು ಒತ್ತು ಓರೆಯಾದರೆ ನಕ್ಷತ್ರವೇ ಓರೆ, ಚರ್ಮದ ಮೇಲೆ ಅಳಿಸುವಂತಿಲ್ಲ. 15ನೇ ಶತಮಾನದ ಹೆರಾತಿನ ಕಲಾವಿದರು ಒಳಮೈಯ ಚರ್ಮವನ್ನು ಜಾಲರಿಯಂತೆ ಕೊರೆದು, ಬಣ್ಣದ ಹಿನ್ನೆಲೆಯ ಮೇಲೆ ಅಂಟಿಸುತ್ತಿದ್ದರು. ನಡುವೆ ಸೂರ್ಯನಂಥ ಪದಕ, ಅದಕ್ಕೆ 'ಶಂಸ' ಎಂದು ಹೆಸರು. ನಮ್ಮ ಇಂದಿನ ಅಚ್ಚಿನ ಮುಸ್‌ಹಫ್‌ಗಳ ಮೇಲೆ ಚಿನ್ನದ ಬಣ್ಣದಲ್ಲಿ ಕಾಣುವ ನಡುವಿನ ಪದಕ ಮತ್ತು ನಾಲ್ಕು ಮೂಲೆಗಳ ಬಳ್ಳಿ ಆ ಕೈಗಳ ನೆರಳೇ.

ಕರ್ನಾಟಕದಲ್ಲಿಯೂ ಈ ಕೆಲಸ ನಡೆದಿತ್ತು, ಅದಕ್ಕೆ ಸಾಕ್ಷಿ ಶ್ರೀರಂಗಪಟ್ಟಣ. 1799ರ ಮೇ 4ರಂದು ಟಿಪ್ಪು ಸುಲ್ತಾನ್ ಹುತಾತ್ಮರಾದ ಮೇಲೆ ಅವರ ಗ್ರಂಥಾಲಯ ಇಂಗ್ಲಿಷರ ಕೈ ಸೇರಿತು. ಸುಮಾರು 2000 ಸಂಪುಟಗಳು. 1809ರಲ್ಲಿ ಚಾರ್ಲ್ಸ್ ಸ್ಟುವರ್ಟ್ ಅದರ ವಿವರವಾದ ಪಟ್ಟಿಯನ್ನು ಪ್ರಕಟಿಸಿದರು. ಶ್ರೀರಂಗಪಟ್ಟಣದಲ್ಲಿ ಹೊಸದಾಗಿ ರಟ್ಟು ಕಟ್ಟಿಸಿದ ಗ್ರಂಥಗಳೆಲ್ಲಕ್ಕೂ ಒಂದೇ ಬಗೆಯ ಗುರುತಿತ್ತು ಎಂದು ಅವರು ದಾಖಲಿಸಿದ್ದಾರೆ. ರಟ್ಟಿನ ನಡುವಿನ ಪದಕದಲ್ಲಿ ಅಲ್ಲಾಹನ ಹೆಸರು, ಜೊತೆಗೆ ಪ್ರವಾದಿ(ಸ), ಫಾತಿಮಾ(ರ), ಹಸನ್(ರ), ಹುಸೈನ್(ರ)ರ ಹೆಸರುಗಳು. ನಾಲ್ಕು ಮೂಲೆಗಳಲ್ಲಿ ನಾಲ್ವರು ಖಲೀಫರ ಹೆಸರುಗಳು. ಮೇಲ್ಭಾಗದಲ್ಲಿ 'ಸರ್ಕಾರೆ ಖುದಾದಾದ್', ಕೆಳಗೆ 'ಅಲ್ಲಾಹ್ ಕಾಫೀ', ಅಲ್ಲಾಹನೇ ಸಾಕು. ಈ ಗ್ರಂಥಗಳಲ್ಲಿ ಟಿಪ್ಪು ಅಥವಾ ಅವರ ತಂದೆ ಖರೀದಿಸಿದವು ಬಹಳ ಕಡಿಮೆ, ಹೆಚ್ಚಿನವು ಸವಣೂರು, ಕಡಪ ಮತ್ತು ಕರ್ನಾಟಿಕ್ ಪ್ರದೇಶಗಳ ಯುದ್ಧಗಳಲ್ಲಿ ಬಂದವು ಎಂದೂ ಸ್ಟುವರ್ಟ್ ಬರೆಯುತ್ತಾರೆ. ಅದನ್ನು ಬರೆದವರು ಗೆದ್ದ ಪಕ್ಷದವರು ಎಂಬುದು ನೆನಪಿರಲಿ. ಹಾಗೆಂದು ಆ ಮಾತನ್ನು ಮರೆಮಾಚುವ ಅಗತ್ಯವೂ ನಮಗಿಲ್ಲ. ಬಂದ ಗ್ರಂಥಗಳನ್ನು ಹಾಗೇ ರಾಶಿ ಹಾಕದೆ, ಕುಶಲಕರ್ಮಿಗಳನ್ನು ಕೂರಿಸಿ, ಹೊಸ ಚರ್ಮ ಹೊದಿಸಿ ಕಾಪಾಡಲಾಯಿತು ಎಂಬುದು ಇಲ್ಲಿ ನಮಗೆ ಮುಖ್ಯ. ಇಂದು ಅವು ಕೊಲ್ಕತ್ತಾ, ಲಂಡನ್, ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗಳಲ್ಲಿ ಹಂಚಿಹೋಗಿವೆ. ವಿಜಯಪುರದ ಆಸಾರ್ ಮಹಲಿನಲ್ಲಿ ಉಳಿದಿದ್ದ ಆದಿಲ್‌ಶಾಹಿ ಗ್ರಂಥಗಳೂ 19ನೇ ಶತಮಾನದಲ್ಲಿ ಲಂಡನ್ ಸೇರಿದವು.

ಸಹೋದರರೇ, ಇಷ್ಟೆಲ್ಲ ಹೇಳಿದ್ದು ಹಳೆಯ ವೈಭವವನ್ನು ಕೊಂಡಾಡಲು ಅಲ್ಲ. ಅಲಂಕಾರದ ಬಗ್ಗೆ ಉಲಮಾಗಳಲ್ಲಿ ಮೊದಲಿನಿಂದಲೂ ಎರಡು ಮಾತಿದೆ. ಗೌರವದ ಉದ್ದೇಶದಿಂದ ಮುಸ್‌ಹಫನ್ನು ಅಲಂಕರಿಸುವುದರಲ್ಲಿ ತಪ್ಪಿಲ್ಲ ಎಂದು ಹನಫಿ ಗ್ರಂಥಗಳು ಹೇಳುತ್ತವೆ. ಬೆಳ್ಳಿಯ ಅಲಂಕಾರದ ಬಗ್ಗೆ ಕೇಳಿದವರಿಗೆ ಇಮಾಮ್ ಮಾಲಿಕ್ ತಮ್ಮ ಬಳಿಯಿದ್ದ ಮುಸ್‌ಹಫ್ ತಂದು ತೋರಿಸಿ, ಉಸ್ಮಾನ್(ರ)ರ ಕಾಲದಲ್ಲೂ ಹೀಗೆ ಮಾಡಿದ್ದರೆಂದು ತಮ್ಮ ಅಜ್ಜನಿಂದ ಬಂದ ಮಾತನ್ನು ಹೇಳಿದರೆಂಬ ವರದಿಯಿದೆ. ಇನ್ನೊಂದೆಡೆ, ಮಸೀದಿಗಳನ್ನೂ ಮುಸ್‌ಹಫ್‌ಗಳನ್ನೂ ಸಿಂಗರಿಸುವುದರಲ್ಲೇ ಮುಳುಗಿದ ಜನರ ಬಗ್ಗೆ ಎಚ್ಚರಿಸಿದ ಸಹಾಬಿಗಳ ಮಾತುಗಳೂ ಬಂದಿವೆ. ನಮ್ಮ ಅಭಿಪ್ರಾಯದಲ್ಲಿ ಇವೆರಡೂ ಒಂದಕ್ಕೊಂದು ವಿರುದ್ಧವಲ್ಲ. ನಿಕಾಹ್‌ನಲ್ಲಿ ಮಖಮಲ್ ಪೆಟ್ಟಿಗೆಯಲ್ಲಿಟ್ಟು ಕೊಟ್ಟ ಮುಸ್‌ಹಫ್ ಶೋಕೇಸಿನ ಮೇಲೆ ಹತ್ತು ವರ್ಷ ಕೂತಿರುತ್ತದೆ. ಅದರ ಚಿನ್ನದ ಬಣ್ಣ ಮಾಸುವುದಿಲ್ಲ, ಏಕೆಂದರೆ ಯಾರೂ ಮುಟ್ಟಿಲ್ಲ. ಅಜ್ಜಿ ದಿನಾ ಫಜ್ರ್ ನಂತರ ಓದಿದ ಮುಸ್‌ಹಫ್‌ನ ರಟ್ಟು ಮೂಲೆ ಸವೆದು ಮೆತ್ತಗಾಗಿರುತ್ತದೆ. ಹೊಸ ಚರ್ಮಕ್ಕೆ ಹಕ್ಕುದಾರ ಯಾವುದು ಎಂದು ನೀವೇ ಹೇಳಿ.

ಈಗ ಇಂದಿನ ಖುತ್ಬಾದ ಮುಖ್ಯ ವಿಷಯಕ್ಕೆ ಬರೋಣ. ಕಾಗದ ಬಂದ ಮೇಲೆ ಮರದ ಹಲಗೆಯ ಜಾಗದಲ್ಲಿ ಕಾಗದದ ರಟ್ಟು ಬಂತು. ಅದನ್ನು ಮಾಡುವುದು ಹೇಗೆ? ಬೇಡವಾದ ಹಳೆಯ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ, ಒತ್ತಿ, ಒಣಗಿಸುವುದು. ಮೇಲೆ ಚರ್ಮ ಬಂದರೆ ಒಳಗಿರುವುದು ಏನೆಂದು ಯಾರಿಗೂ ಕಾಣುವುದಿಲ್ಲ. ಮಾಡಿದವನಿಗೆ ಮತ್ತು ಅಲ್ಲಾಹನಿಗೆ ಮಾತ್ರ ಗೊತ್ತು.

ಫಾಸ್ ಮೂಲದ, ಕೈರೋದಲ್ಲಿ ನೆಲೆಸಿದ್ದ ಮಾಲಿಕೀ ವಿದ್ವಾಂಸ ಇಬ್ನುಲ್ ಹಾಜ್ ಹಿಜರಿ 737ರಲ್ಲಿ ತೀರಿಕೊಂಡರು. ಅವರ 'ಅಲ್‌ಮದ್‌ಖಲ್' ಗ್ರಂಥದಲ್ಲಿ ಪ್ರತಿಯೊಂದು ಕಸುಬಿನವರಿಗೂ ಅವರವರ ಕೆಲಸದಲ್ಲಿ ನಿಯ್ಯತ್ ಹೇಗಿರಬೇಕು ಎಂಬ ಪಾಠವಿದೆ. ಕಾಗದ ಮಾರುವವರು, ಪ್ರತಿ ಮಾಡುವವರು, ಅವರ ಜೊತೆಗೆ ಮುಜಲ್ಲಿದ್. ರಟ್ಟು ಕಟ್ಟುವವನು ಅಲ್ಲಾಹನ ಗ್ರಂಥವನ್ನೂ ಪ್ರವಾದಿ(ಸ)ರ ಹದೀಸನ್ನೂ ಜ್ಞಾನವನ್ನೂ ಕಾಪಾಡಲು ನೆರವಾಗುತ್ತಾನೆ, ಆ ಉದ್ದೇಶವಿಟ್ಟು ಕುಳಿತರೆ ಅವನ ಕೆಲಸವೇ ಇಬಾದತ್ ಎಂಬುದು ಅವರ ನಿಲುವು. ನಂತರ ನೇರವಾಗಿ ಕೆಲಸದ ಮೇಜಿಗೆ ಬರುತ್ತಾರೆ. ರಟ್ಟಿನೊಳಗೆ ಸೇರಿಸುವ ಹಳೆಯ ಹಾಳೆಯನ್ನು ಮೊದಲು ಓದಿ ನೋಡಬೇಕು. ಅದರಲ್ಲಿ ಕುರ್‌ಆನಿನ ವಚನವೋ ಹದೀಸೋ ಪ್ರವಾದಿಗಳ ಅಥವಾ ಮಲಕುಗಳ ಹೆಸರೋ ಇದ್ದರೆ ಅಂಟಿನೊಳಗೆ ಹಾಕಬಾರದು. ಹಾಳೆಗಳ ಕಟ್ಟುಗಳನ್ನು ಹೊಲಿಯುವ ಮೊದಲು ಕ್ರಮ ತಪ್ಪಿಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ಗಿರಾಕಿಯನ್ನು ಇವತ್ತು ಬಾ ನಾಳೆ ಬಾ ಎಂದು ಅಲೆಸಬಾರದು. ಅಝಾನ್ ಕೇಳಿದರೆ ಕೈಯಲ್ಲಿದ್ದುದನ್ನು ಬಿಟ್ಟು ಏಳಬೇಕು.

ಸುಮಾರು 700 ವರ್ಷಗಳ ಹಿಂದಿನ ಈ ಮಾತುಗಳನ್ನು ಇಂದಿನ ಗಾರೆ ಕೆಲಸದವರಿಗೆ, ಟೈಲರ್‌ಗಳಿಗೆ, ವೈರಿಂಗ್ ಮಾಡುವವರಿಗೆ, ಮೊಬೈಲ್ ರಿಪೇರಿ ಮಾಡುವವರಿಗೆ ಓದಿ ಹೇಳಿದರೆ ಪ್ರತಿಯೊಬ್ಬರಿಗೂ ತಮ್ಮ ಕಸುಬಿನ ರಟ್ಟು ಯಾವುದು, ಅದರೊಳಗೆ ತಾವು ಏನು ತುಂಬಿದ್ದೇವೆ ಎಂಬುದು ಹೊಳೆಯುತ್ತದೆ. ಪ್ಲಾಸ್ಟರ್ ಬಿದ್ದ ಮೇಲೆ ಗೋಡೆಯೊಳಗಿನ ತಂತಿ ಕಾಣುವುದಿಲ್ಲ. ಕೋಟಿನ ಒಳ ಅಸ್ತರಿನ ಹೊಲಿಗೆ ಗಿರಾಕಿ ಎಣಿಸುವುದಿಲ್ಲ. ಅಮಾನತ್ ಎಂದರೆ ಯಾರೋ ನಮ್ಮಲ್ಲಿ ಇಟ್ಟು ಹೋದ ಹಣ ಮಾತ್ರ ಎಂದು ನಾವು ತಿಳಿದಿದ್ದೇವೆ. ಕಾಣದ ಭಾಗವೂ ಅಮಾನತೇ.

ಆಂದಲುಸಿನ ಇಶ್ಬೀಲಿಯದ ಬಕ್ರ್ ಬಿನ್ ಇಬ್ರಾಹೀಮ್ ಎಂಬ ವಿದ್ವಾಂಸರು ಸ್ವತಃ ಮುಜಲ್ಲಿದ್ ಆಗಿದ್ದರು. ಮುವಹ್ಹಿದೀ ಖಲೀಫ ಯಅ್‌ಕೂಬ್ ಅಲ್‌ಮನ್ಸೂರರ ಕಾಲದಲ್ಲಿ ಅವರು ಈ ಕಸುಬಿನ ಬಗ್ಗೆಯೇ ಒಂದು ಗ್ರಂಥ ಬರೆದರು: ಉಪಕರಣಗಳು, ಅಂಟು ಕಾಯಿಸುವ ಬಗೆ, ಹೊಲಿಗೆ, ಚರ್ಮ ಹೊದಿಸುವುದು ಎಲ್ಲವೂ ಅದರಲ್ಲಿದೆ. 1619ರಲ್ಲಿ ಮೊರಾಕ್ಕೊದ ಸುಫ್ಯಾನಿ ಇನ್ನೊಂದು ಬರೆದರು. ಕೈಯಲ್ಲಿದ್ದ ವಿದ್ಯೆ ತಮ್ಮೊಂದಿಗೇ ಕಬರಿಗೆ ಹೋಗಬಾರದೆಂದು ಬರೆದಿಟ್ಟ ಜನ ಇವರು.

ನಮ್ಮ ಊರುಗಳಲ್ಲಿ ಏನಾಗುತ್ತಿದೆ? ಚರ್ಮ ಮುಟ್ಟುವವರನ್ನು ದೂರ ಇಡುವ ಈ ನಾಡಿನ ಹಳೆಯ ರೋಗ ನಮಗೂ ಅಂಟಿದೆ. ಬಾಯಲ್ಲಿ ನಾವೆಲ್ಲ ಆದಮ್(ಅ)ರ ಮಕ್ಕಳು, ಸಫ್‌ನಲ್ಲಿ ಭುಜಕ್ಕೆ ಭುಜ. ಸಂಬಂಧ ನೋಡುವಾಗ ಮಾತ್ರ ಹುಡುಗನ ತಂದೆ ತೊಗಲಿನ ಮಂಡಿಯಲ್ಲಿದ್ದಾರೆ, ಬೈಂಡಿಂಗ್ ಅಂಗಡಿಯಲ್ಲಿದ್ದಾರೆ ಎಂದರೆ ಮುಖ ತಿರುಗುತ್ತದೆ. ತನ್ನ ಕೈದುಡಿಮೆಯಿಂದ ಉಣ್ಣುವುದಕ್ಕಿಂತ ಉತ್ತಮ ಊಟವಿಲ್ಲವೆಂದು, ದಾವೂದ್(ಅ) ಹಾಗೆ ಉಣ್ಣುತ್ತಿದ್ದರೆಂದು ಪ್ರವಾದಿ(ಸ) ಕಲಿಸಿದ್ದನ್ನು ಮದ್ರಸದ ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ಆ ಮಕ್ಕಳೇ ದೊಡ್ಡವರಾಗಿ ಅಪ್ಪನ ಅಂಗಡಿಯ ಹೆಸರು ಹೇಳಲು ನಾಚುವಂತೆ ಮಾಡಿದವರು ನಾವೇ. ಕಚೇರಿಯ ರಿಜಿಸ್ಟರು, ಶಾಲೆಯ ಹಾಜರಿ ಪುಸ್ತಕ, ವಿದ್ಯಾರ್ಥಿಗಳ ಪ್ರಬಂಧ ಕಟ್ಟಿ ಸಂಸಾರ ಸಾಗಿಸಿದ ಹಿರಿಯರು ಇನ್ನೂ ಅಲ್ಲಲ್ಲಿ ಇದ್ದಾರೆ. ಅವರ ಬಳಿ ಕಲಿಯಲು ಯಾರೂ ಕುಳಿತಿಲ್ಲ.

ಇನ್ನೊಂದೆಡೆ ಕುರ್ಬಾನಿಯ ಚರ್ಮ. ಹಿಂದೆ ಅದರ ಹಣದಿಂದ ಮದ್ರಸಗಳ ಎಷ್ಟೋ ಖರ್ಚು ನಡೆಯುತ್ತಿತ್ತು. ಈಗ ಬೆಲೆ ಬಿದ್ದಿದೆ. ಆಡಿನ ಚರ್ಮ ಒಯ್ಯಲು ಬರುವವರೂ ಕಡಿಮೆ, ಕೆಲವು ಕಡೆ ಗುಂಡಿಗೆ ಹೋಗುತ್ತಿದೆ. ಚರ್ಮವನ್ನು ಕಟುಕನಿಗೆ ಕೂಲಿಯಾಗಿ ಕೊಡಬಾರದು ಎಂಬುದು ನಮಗೆ ಚೆನ್ನಾಗಿ ಗೊತ್ತು. ಆದರೆ ಅದನ್ನು ಹದ ಮಾಡಿಸಿ ಸ್ವಂತ ಉಪಯೋಗಕ್ಕೆ ಇಟ್ಟುಕೊಳ್ಳಬಹುದು ಎಂಬುದು ಮರೆತೇ ಹೋಗಿದೆ. ಜಾನಮಾಝ್, ನೀರಿನ ಚೀಲ ಮುಂತಾದವುಗಳ ಉದಾಹರಣೆಯನ್ನು ಫುಕಹಾಗಳು ಕೊಡುತ್ತಾರೆ. ಪುಸ್ತಕದ ರಟ್ಟೂ ಅದೇ ಸಾಲಿಗೆ ಸೇರುತ್ತದೆ. ಮೈಮೂನಾ(ರ)ರ ಮನೆಯ ಆ ಆಡಿನ ಹದೀಸು ಕಿತಾಬಿನಲ್ಲಿ ಓದಿ ಮುಗಿಸಲು ಮಾತ್ರ ಇರುವುದಲ್ಲ.

ಇನ್ನು ಮನೆಯಲ್ಲಿ ನಾವು ಮಾಡಬೇಕಾದದ್ದು. ಇದನ್ನು ಓದುತ್ತಿರುವ ತಾಯಂದಿರು, ಸಹೋದರಿಯರು ವಿಶೇಷವಾಗಿ ಗಮನಿಸಲಿ. ಹರಿದ ಹಾಳೆಗೆ ಪಾರದರ್ಶಕ ಟೇಪು ಹಚ್ಚಬೇಡಿ. ಕೆಲವೇ ವರ್ಷಗಳಲ್ಲಿ ಅದರ ಅಂಟು ಹಳದಿಯಾಗಿ ಅಕ್ಷರದ ಮೇಲೆ ಇಳಿಯುತ್ತದೆ, ತೆಗೆಯಲು ಹೋದರೆ ಅಕ್ಷರವೂ ಕಿತ್ತು ಬರುತ್ತದೆ. ಸ್ಟೇಪ್ಲರ್ ಪಿನ್ನು ತುಕ್ಕು ಹಿಡಿಯುತ್ತದೆ. ಮೈದಾ ಅಂಟನ್ನು ಮನೆಯಲ್ಲೇ ಕಾಯಿಸಿ, ತೆಳುವಾಗಿ ಸವರಿ, ತೆಳ್ಳನೆಯ ಕಾಗದದ ಪಟ್ಟಿಯಿಂದ ಹರುಕನ್ನು ಕೂಡಿಸಬಹುದು. ತಪ್ಪಾದರೆ ನೀರು ತಾಗಿಸಿ ಬಿಡಿಸಬಹುದು, ಅದೇ ಅದರ ಗುಣ. ಮೇಲೆ ಭಾರ ಇಟ್ಟು ಪೂರ್ತಿ ಒಣಗಲು ಬಿಡಿ. ತೇವ ಉಳಿದರೆ ಬೂಷ್ಟು ಬರುತ್ತದೆ, ಕರಾವಳಿಯ ಮಳೆಗಾಲದಲ್ಲಂತೂ ಈ ಕೆಲಸವೇ ಬೇಡ. ಹೊಲಿಗೆ ಬಿಟ್ಟಿದ್ದರೆ ಮೇಣ ಹಚ್ಚಿದ ಹತ್ತಿ ನೂಲು ಬೇಕು. ರವಿಕೆ ಹೊಲಿಯುವ ಕೈಗೆ ಇದು ಕಷ್ಟವಲ್ಲ. ಆದರೆ ಒಮ್ಮೆ ಬಲ್ಲವರ ಬಳಿ ಕಲಿತು ಮಾಡಿ.

ಹೊಸ ಮುಸ್‌ಹಫ್ ಕೊಳ್ಳುವಾಗ ರಟ್ಟಿನ ಹೊಳಪು ನೋಡಬೇಡಿ. ನಡುವೆ ತೆರೆದು, ಮಡಿಕೆಯ ಒಳಗೆ ನೂಲು ಕಾಣುತ್ತದೆಯೇ ನೋಡಿ. ನೂಲಿಲ್ಲದೆ ಬರೀ ಅಂಟಿನಿಂದ ಬೆನ್ನು ಹಿಡಿಸಿದ್ದರೆ ರೆಹಲ್ ಮೇಲೆ ದಿನಾ ಬಿಚ್ಚಿ ಓದುವ ಮನೆಯಲ್ಲಿ ಅದು ಹೆಚ್ಚು ಕಾಲ ಬಾಳುವುದಿಲ್ಲ. ಮೇಲೆ ರೆಕ್ಸಿನ್ ಇದ್ದರೂ ಚಿಂತೆಯಿಲ್ಲ, ಒಳಗೆ ಹೊಲಿಗೆ ಇರಲಿ.

ಓದಲು ಸಾಧ್ಯವೇ ಇಲ್ಲದಷ್ಟು ಜೀರ್ಣವಾದವುಗಳ ವಿಷಯ ಬೇರೆ. ಶುದ್ಧ ಬಟ್ಟೆಯಲ್ಲಿ ಸುತ್ತಿ ಯಾರೂ ತುಳಿಯದ ಜಾಗದಲ್ಲಿ ದಫನ ಮಾಡುವುದನ್ನು ಹನಫಿ ಉಲಮಾಗಳು ಮೆಚ್ಚಿದ್ದಾರೆ. ಉಸ್ಮಾನ್(ರ)ರು ಉಳಿದ ಪ್ರತಿಗಳನ್ನು ಸುಡಿಸಿದ ಆಧಾರದಿಂದ, ಅಗೌರವವಾಗದಂತೆ ಸುಡುವುದನ್ನು ಇತರ ಕೆಲವರು ಅನುಮತಿಸಿದ್ದಾರೆ. ನಿಮ್ಮ ಊರಿನ ಆಲಿಮರನ್ನು ಕೇಳಿ ಮಾಡಿ. ಆದರೆ ಅದಕ್ಕೆ ಮುಂಚೆ ಆ ಚೀಲವನ್ನು ಒಮ್ಮೆ ಬಲ್ಲವರು ಬಿಚ್ಚಿ ನೋಡಬೇಕು.

ಅದಕ್ಕಾಗಿಯೇ ನಮ್ಮ ಮಸೀದಿಯಲ್ಲಿ ಬರುವ ಭಾನುವಾರ ಅಸರ್ ನಮಾಝಿನ ನಂತರ ಮದ್ರಸದ ಕೊಠಡಿಯಲ್ಲಿ ಬೈಂಡಿಂಗ್ ಬಲ್ಲ ಹಿರಿಯರೊಬ್ಬರು ಕೂರಲಿದ್ದಾರೆ. ಕಪಾಟಿನ ಮುಸ್‌ಹಫ್‌ಗಳನ್ನು ಒಂದೊಂದಾಗಿ ನೋಡಿ, ರಿಪೇರಿಗೆ ಯಾವುದು, ದಫನಕ್ಕೆ ಯಾವುದು ಎಂದು ಬೇರ್ಪಡಿಸಲಿದ್ದಾರೆ. ಎಂಟನೇ ತರಗತಿಗಿಂತ ಮೇಲಿನ ಮಕ್ಕಳು ಪಕ್ಕದಲ್ಲಿ ಕುಳಿತು ಕಲಿಯಬಹುದು. ಹೆಣ್ಣುಮಕ್ಕಳಿಗೆ ಮರುದಿನ ಬೆಳಿಗ್ಗೆ. ಅವರ ಕೂಲಿಯನ್ನು ಮಸೀದಿಯ ನಿಧಿಯಿಂದಲ್ಲ, ಮುಸ್‌ಹಫ್ ತಂದವರೇ ಕೊಡುವುದೆಂದು ತೀರ್ಮಾನವಾಗಿದೆ. ಚೌಕಾಸಿ ಬೇಡ, ಕೆಲಸ ಮುಗಿದ ಅದೇ ದಿನ ಕೊಡಿ. ಮನೆಯಲ್ಲಿರುವ ಹರಿದ ಮುಸ್‌ಹಫನ್ನು ಶುದ್ಧ ಬಟ್ಟೆಯಲ್ಲಿ ಸುತ್ತಿ ತನ್ನಿ. ಉದುರಿದ ಹಾಳೆಗಳಿದ್ದರೆ ಸಿಕ್ಕ ಕಡೆ ತುರುಕದೆ, ಬೇರೆಯಾಗಿ ಮಡಚದೆ, ನೂಲು ಸುತ್ತಿ ಜೊತೆಗಿಡಿ.